ಕ್ಷಣಚಿತ್ರವನ್ನು ನಂಬಿ ಕೂರಬಹುದೇ?

ದೊಡ್ಡ ಸಂಸ್ಥೆಗಳ ಲೆಕ್ಕಪತ್ರಗಳೆಲ್ಲವೂ ಇಂದು ಡಿಸ್ಕುಗಳಲ್ಲಿ ಅಡಗಿರುವುವು. ಅವುಗಳ ಮೇಲ್ವಿಚಾರಕರನ್ನು ಕೇಳಿದರೆ, “ಗಂಟೆಗೊಮ್ಮೆ ಸ್ನ್ಯಾಪ್‌ಷಾಟ್ ತೆಗೆಯುತ್ತಿರುವೆವು, ಇನ್ನೇನು ಭಯ?” ಎನ್ನುವವರುಂಟು. ಈ ನಿಶ್ಚಿಂತೆ ಸಲ್ಲದೆಂದು ನನ್ನ ಅಭಿಪ್ರಾಯ.

ಸ್ನ್ಯಾಪ್‌ಷಾಟ್ ಎಂದರೆ ಡಿಸ್ಕಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಚಿತ್ರ. ಲಿನಕ್ಸಿನ ಎಲ್‌ವಿಎಂ ವ್ಯವಸ್ಥೆಯನ್ನೇ ನೋಡಿ. ಚಿತ್ರ ತೆಗೆದಾಗ ಅಲ್ಲಿ ಮಾಹಿತಿಯು ನಕಲಾಗುವುದಿಲ್ಲ. ಮುಂದೆ ಯಾವುದಾದರೊಂದು ಭಾಗವನ್ನು ತಿದ್ದಬೇಕಾದಾಗ ಮಾತ್ರ ಅದರ ಹಳೆಯ ರೂಪವು ಮೀಸಲು ಜಾಗಕ್ಕೆ ಸೇರುವುದು. ಮಿಕ್ಕುದೆಲ್ಲವೂ ಮೂಲಕ್ಕೂ ಚಿತ್ರಕ್ಕೂ ಒಂದೇ. ಕೆಲಸವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಗುಟ್ಟು ಇದೇ. ಮೂಲವು ಕೆಟ್ಟರೆ ಚಿತ್ರವೂ ಕೆಡುವುದಕ್ಕೆ ಕಾರಣವೂ ಇದೇ. ಮೀಸಲು ಜಾಗವು ತುಂಬಿದರಂತೂ ಇಡೀ ಚಿತ್ರವೇ ನಿರರ್ಥಕ. ತೆಗೆಯುವ ಉತ್ಸಾಹ ಅಳಿಸುವುದರಲ್ಲಿ ಎಷ್ಟು ಜನಕ್ಕಿದೆ!

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರರೊಬ್ಬರು ಕೈತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ಪುಗಳಿರಬೇಕಾದ ಸ್ಥಳವು ಬರಿದಾಗಿತ್ತು! ಸುಮಾರು 6 ಗಂಟೆ ಮೊದಲು ತೆಗೆದಿದ್ದ ಎಲ್‌ವಿಎಂ ಸ್ನ್ಯಾಪ್‌ಷಾಟೊಂದು ಅವರನ್ನು ಕಾಪಾಡಿತು. ಹಾಗಾದರೆ ಇದು ಸ್ನ್ಯಾಪ್‌ಷಾಟಿನ ಗೆಲುವಲ್ಲವೇ ಎಂದು ವಾಚಕರು ಕೇಳಬಹುದು. ಅದರೊಳಗಿನ ಮಾಹಿತಿಯನ್ನು ಪ್ರಯೋಗಕ್ಕೆಂದು ಬೇರೊಂದು ಯಂತ್ರಕ್ಕೆ ಮೊದಲೇ ಸಾಗಿಸಿದ್ದರೆಂಬುದನ್ನು ಮರೆಯಬಾರದು. ಅಲ್ಲಿಂದ ಅದನ್ನು ಮರಳಿ ತರಲು ಹಲವು ಗಂಟೆಗಳು ಹಿಡಿದುವು. ನಡುವಣ ಅವಧಿಯಲ್ಲಿ ಬಳಕೆದಾರರು ದಾಖಲಿಸಿದ್ದ ಟಿಪ್ಪಣಿಗಳೂ ಹೊಸ ಖಾತೆಗಳೂ ಮರಳಲೇ ಇಲ್ಲ.