ಗೃಹೋಪಯೋಗಿ ವಿಚಾರಗಳು: ಏಳಲೊಲ್ಲದ ಗಣಕಯಂತ್ರ

ದಾವಣಗೆರೆಯಿಂದಲೂ ಹರಿಹರದಿಂದಲೂ ಈ ಪುಟಕ್ಕೆ ಬರುವ ಓಲೆಗಳಲ್ಲಿ ಈಚೆಗೆ ಒಂದು ವಿಷಯವು ಮತ್ತೆ ಮತ್ತೆ ತಲೆದೋರುತ್ತಲಿದೆ. ಉಪ್ಪಿನಕಾಯಿಗೆ ಬೂಸಲು ಹಿಡಿಯುವುದೇಕೆ, ಮಗುವಿನ ಒಣಕೆಮ್ಮಿಗೆ ಏನು ಮಾಡತಕ್ಕದ್ದು ಎಂಬ ಪ್ರಶ್ನೆಗಳ ನಡುವೆ, “ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿದೆವು, ಅಂದಿನಿಂದ ಅದು ಏಳುವುದೇ ಇಲ್ಲ” ಎಂಬ ದೂರೂ ಸೇರಿಕೊಂಡಿದೆ. ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ಒಡೆಯರಾದ ಮೈಕ್ರೋಸಾಫ್ಟ್ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಪೋಷಣೆಯು 2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ಮುಗಿಯಿತು. 2021ರಲ್ಲಿ ಹೊರಬಂದ ವಿಂಡೋಸ್ 11ಕ್ಕಾದರೋ, ಯಂತ್ರದಲ್ಲಿ ಟಿಪಿಎಂ 2.0 ಎಂಬ ರಕ್ಷಣಾಂಗವೂ ತಕ್ಕಮಟ್ಟಿಗೆ ಹೊಸತಾದ ಪ್ರೊಸೆಸರೂ ಇರಬೇಕೆಂಬ ನಿಯಮವಿದೆ. ಹತ್ತು ವರ್ಷದ ಹಿಂದೆ ಕೊಂಡ ಯಂತ್ರವು ಚೆನ್ನಾಗಿ ನಡೆಯುತ್ತಿದ್ದರೂ ಆ ನಿಯಮಕ್ಕೆ ಒಳಪಡದು. ಚೆನ್ನಾಗಿರುವ ವಸ್ತುವನ್ನು ಗುಜರಿಗೆ ಹಾಕಲು ನಮ್ಮ ಗೃಹಿಣಿಯರಿಗೆ ಮನಸ್ಸು ಬಾರದಿರುವುದು ಸಹಜವೇ. ಆದುದರಿಂದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ, ಹಣ ಕೊಡಬೇಕಾದ ಅಗತ್ಯವಿಲ್ಲದ ವ್ಯವಸ್ಥೆಗಳ ಕಡೆಗೆ ಜನರ ದೃಷ್ಟಿ ಹರಿದಿದೆ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಕೆಲಸವು ಹೀಗೆ ತುಂಗಭದ್ರೆಯ ದಂಡೆಯ ಮನೆಗಳವರೆಗೂ ಬಂದು ಮುಟ್ಟಿದೆ.

ಹರಿಹರದ ಸೋದರಿಯೊಬ್ಬರ ಓಲೆಯನ್ನು ನಾವು ಎರಡು ಸಲ ಓದಿದೆವು. ಅವರು ಮನೆಯಲ್ಲಿಯೇ ರವಿಕೆ ಹೊಲಿಯುವ ವೃತ್ತಿಯವರು. ಒಂಬತ್ತು ವರ್ಷದ ಗಿರಾಕಿಗಳ ಅಳತೆ, ಬಾಕಿಯ ಲೆಕ್ಕ, ಗತಿಸಿದ ತಾಯಿಯವರ ಭಾವಚಿತ್ರಗಳು, ಆಕೆ ಹಾಡಿದ ಸೋಬಾನೆಯ ಧ್ವನಿಮುದ್ರಣ, ಎಲ್ಲವೂ ಆ ಒಂದು ಯಂತ್ರದಲ್ಲಿಯೇ ಇವೆಯಂತೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗನು ರಜೆಯಲ್ಲಿ ಬಂದು ವಿಂಡೋಸಿನ ಪಕ್ಕದಲ್ಲಿ ಉಬುಂಟುವನ್ನು ಇರಿಸಿದನು. ತಾಯಿಗೆ ಅದು ಒಗ್ಗಲಿಲ್ಲವೆಂದು ನಾಲ್ಕು ದಿನದ ಮೇಲೆ ವಿಂಡೋಸಿನೊಳಗಿನಿಂದಲೇ ಉಬುಂಟುವಿನ ಪಾಲನ್ನು ಅಳಿಸಿ ಹಾಸ್ಟೆಲಿಗೆ ಹೊರಟುಹೋದನು. ಮಾರನೆಯ ದಿನ ಯಂತ್ರವನ್ನು ಹಚ್ಚಿದರೆ ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂಬ ಪದ, ಮುಂದೊಂದು ಬಾಣದ ಗುರುತು, ಮತ್ತೇನೂ ಇಲ್ಲ. ರಿಪೇರಿಯವನೊಬ್ಬನು ನೋಡಿ, ಫಾರ್ಮ್ಯಾಟ್ ಮಾಡದೆ ಗತ್ಯಂತರವಿಲ್ಲ, ಒಳಗಿನದೇನೂ ಉಳಿಯದು ಎಂದನಂತೆ. “ಹುಡುಗನನ್ನು ಬಯ್ಯಲೂ ಬಾಯಿ ಬಾರದು, ಅಮ್ಮನ ದನಿ ಹೋಯಿತಲ್ಲಾ ಎಂದು ರಾತ್ರಿ ನಿದ್ರೆಯೂ ಬಾರದು” ಎಂದು ಆ ತಾಯಿ ಬರೆದಿದ್ದಾರೆ.

ಅವರಿಗೂ, ಅವರಂತೆ ಗಾಬರಿಗೊಂಡಿರುವ ಇತರ ಸೋದರಿಯರಿಗೂ ನಾವು ಮೊದಲು ಹೇಳತಕ್ಕುದೇನೆಂದರೆ: ಏಳದಿರುವ ಯಂತ್ರವೆಲ್ಲ ಬರಿದಾದ ಯಂತ್ರವಲ್ಲ. ಬಾಗಿಲ ಬೀಗದ ಕೈ ಕಳೆದರೆ ಕಣಜದ ಭತ್ತ ಹಾರಿಹೋಗುವುದಿಲ್ಲವಷ್ಟೆ. ಇಂತಹ ಸಂದರ್ಭಗಳಲ್ಲಿ ಬಹುತರವಾಗಿ ಕೆಟ್ಟಿರುವುದು ಎಬ್ಬಿಸುವ ಕ್ರಮ ಮಾತ್ರ. ಒಳಗಿನ ಕಡತಗಳು ಇದ್ದಲ್ಲಿಯೇ ಇರುತ್ತವೆ. ಅವನ್ನು ನಿಜವಾಗಿ ನಾಶಮಾಡುವುದು ಅವಸರದ ಫಾರ್ಮ್ಯಾಟು. ಮೊದಲ ಮಾತಿನಲ್ಲಿಯೇ ಫಾರ್ಮ್ಯಾಟ್ ಎನ್ನುವವನ ಕೈಗೆ ಯಂತ್ರವನ್ನು ಕೊಡಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅದು ಅವನಿಗೆ ಸುಲಭ, ಮನೆಯವರಿಗೆ ನಷ್ಟ.

ಯಂತ್ರವು ಏಳುವ ಕ್ರಮವನ್ನು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು. ಗುಂಡಿಯನ್ನು ಒತ್ತಿದ ಕೂಡಲೆ ಮೊದಲು ಎಚ್ಚರಗೊಳ್ಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ; ಯಂತ್ರದ ಹಲಗೆಯ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ ನೆಲೆಸಿರುವ ಮೂಲತಂತ್ರ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ, ಸುಮಾರು 2012ರಿಂದೀಚಿನವುಗಳಲ್ಲಿ ಸಾಮಾನ್ಯವಾಗಿ ಯುಇಎಫ್‌ಐ ಎಂದೂ ಹೆಸರು. ಇದರ ಬಳಿ ಒಂದು ಪಟ್ಟಿಯಿರುತ್ತದೆ: ಮೊದಲು ಯಾರನ್ನು ಎಬ್ಬಿಸಬೇಕು, ಅವರು ಸಿಕ್ಕದಿದ್ದರೆ ಇನ್ನಾರನ್ನು ಎಂದು. ಆ ಪಟ್ಟಿಯ ಪ್ರಕಾರ ಅದು ಡಿಸ್ಕಿನ ಒಂದು ಚಿಕ್ಕ ಕೋಣೆಗೆ ಹೋಗುತ್ತದೆ. ವಿಂಡೋಸ್ ತಾನೇ ಕಟ್ಟಿಕೊಂಡ ಕೋಣೆಯಾದರೆ ಅದರ ವಿಸ್ತಾರ ಅನೇಕ ವೇಳೆ 100 ಎಂಬಿ ಮಾತ್ರ. ಅಲ್ಲಿ ವಿಂಡೋಸಿನ ಎಬ್ಬಿಸುವವನೂ ಲಿನಕ್ಸಿನ ಎಬ್ಬಿಸುವವನೂ ಬೇರೆ ಬೇರೆ ಫೋಲ್ಡರುಗಳಲ್ಲಿ ಇರುತ್ತಾರೆ. ಲಿನಕ್ಸಿನವನ ಹೆಸರೇ ಗ್ರಬ್. ಅವನು ಎದ್ದು, ತನ್ನ ಪಾಲಿನ ಡಿಸ್ಕಿನೊಳಗಿನ ಪಟ್ಟಿಯನ್ನು ಓದಿ, “ಲಿನಕ್ಸ್ ಬೇಕೋ, ವಿಂಡೋಸ್ ಬೇಕೋ” ಎಂದು ಕೇಳುತ್ತಾನೆ.

ಹರಿಹರದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಒಂದೇ ವಿಗ್ರಹದ ಅರ್ಧಭಾಗ ಹರಿ, ಅರ್ಧಭಾಗ ಹರನಲ್ಲವೆ? ಒಂದು ಡಿಸ್ಕಿನಲ್ಲಿ ಎರಡು ವ್ಯವಸ್ಥೆಗಳು ಇರುವುದೂ ಹಾಗೆಯೇ. ಒಂದು ವ್ಯತ್ಯಾಸವೆಂದರೆ, ಅಲ್ಲಿ ಇಬ್ಬರಿಗೂ ಏಕಕಾಲದಲ್ಲಿ ಮಂಗಳಾರತಿಯಾಗುತ್ತದೆ; ಇಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಏಳಬಲ್ಲರು.

ಈಗ ಆ ಸೋದರಿಯ ಮನೆಯಲ್ಲಿ ಆದುದೇನೆಂಬುದು ತಾನಾಗಿಯೇ ತಿಳಿದುಬರುತ್ತದೆ. ಮಗನು ಉಬುಂಟುವಿನ ಪಾಲನ್ನು ಅಳಿಸಿದನು. ಆದರೆ ಆ ಚಿಕ್ಕ ಕೋಣೆಯಲ್ಲಿದ್ದ ಗ್ರಬ್ ಹಾಗೆಯೇ ಉಳಿದನು, ಎಬ್ಬಿಸುವ ಪಟ್ಟಿಯಲ್ಲಿ ಅವನ ಹೆಸರೇ ಮೊದಲಿಗೆ ಇತ್ತು. ಅವನು ಎದ್ದು ತನ್ನ ಮನೆಯನ್ನು ಹುಡುಕುತ್ತಾನೆ, ಮನೆಯಿಲ್ಲ. ಮುಂದೇನು ಮಾಡಲೆಂದು ಬಾಣದ ಗುರುತನ್ನು ಹಾಕಿಕೊಂಡು ನಿಂತಿದ್ದಾನೆ. ಇದಕ್ಕೆ ಫಾರ್ಮ್ಯಾಟು ಬೇಡ. ಯಂತ್ರವನ್ನು ಆರಿಸಿ, ಮರಳಿ ಹಚ್ಚುವಾಗ ಕಂಪನಿಯ ಗುರುತು ಕಾಣುವುದಕ್ಕೆ ಮುಂಚಿನಿಂದಲೇ ಎಬ್ಬಿಸುವ ಪಟ್ಟಿಯ ಕೀಲಿಯನ್ನು ಮೇಲಿಂದ ಮೇಲೆ ಒತ್ತಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಆಗ ತೋರುವ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದನ್ನು ಆರಿಸಿದರೆ ಹಳೆಯ ವಿಂಡೋಸು ಹಳೆಯ ಹಾಗೆಯೇ ಬಂದು ನಿಲ್ಲತಕ್ಕದ್ದು. ಅನಂತರ ಮೂಲತಂತ್ರದ ಸೆಟಪ್ಪಿನಲ್ಲಿ ಅದೇ ಹೆಸರನ್ನು ಮೊದಲನೆಯ ಸ್ಥಾನಕ್ಕೆ ಏರಿಸಿಟ್ಟರೆ ಕೆಲಸ ಮುಗಿಯಿತು. ಆ ಸೋದರಿಗೆ ನಾವು ಇಷ್ಟನ್ನು ಪ್ರತ್ಯೇಕವಾಗಿಯೂ ಬರೆದು ಕಳುಹಿಸಿದ್ದೇವೆ. ಬಯಾಸ್ ಕಾಲದ ತೀರ ಹಳೆಯ ಯಂತ್ರವಾದರೆ ‘ಗ್ರಬ್ ರೆಸ್ಕ್ಯೂ’ ಎಂದು ಕಾಣುವುದು. ಅಲ್ಲಿ ವಿಂಡೋಸಿನ ರಿಪೇರಿ ಪೆನ್ ಡ್ರೈವಿನಿಂದ ಡಿಸ್ಕಿನ ಮೊದಲ ತುಣುಕಿನ ಬರಹವನ್ನು ಸರಿಪಡಿಸಬೇಕಾಗುತ್ತದೆ. ಬಲ್ಲವನಿಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ.

ಇದಕ್ಕೆ ವಿಪರೀತವಾದ ದೂರೂ ಉಂಟು: ಲಿನಕ್ಸ್ ಹಾಕಿದ್ದಾಯಿತು, ಆದರೆ ಆಯ್ಕೆಯ ಪಟ್ಟಿಯೇ ಬಾರದೆ ನೇರವಾಗಿ ವಿಂಡೋಸೇ ಬರುತ್ತದೆ. ಇದು ಕೇವಲ ಸರದಿಯ ಪ್ರಶ್ನೆ. ಅದೇ ಸೆಟಪ್ಪಿನಲ್ಲಿ ಉಬುಂಟುವಿನ ಹೆಸರನ್ನು ಮೇಲಕ್ಕೆ ತಂದರೆ ಸರಿಹೋಗುತ್ತದೆ. ವಿಂಡೋಸು ತನ್ನ ದೊಡ್ಡ ಅಪ್‌ಡೇಟುಗಳ ಸಮಯದಲ್ಲಿ ತಾನೇ ಮುಂದೆ ಬಂದು ಕುಳಿತುಕೊಳ್ಳುವುದೂ ಉಂಟು. ಪಂಕ್ತಿಯಲ್ಲಿ ಮೊದಲ ಎಲೆಗೆ ನುಗ್ಗುವವರು ಎಲ್ಲಿಯೂ ಇರುತ್ತಾರೆ. ಇನ್ನು ಗ್ರಬ್ಬಿನ ಪಟ್ಟಿಯಲ್ಲಿ ವಿಂಡೋಸಿನ ಹೆಸರು ಕಾಣದಿದ್ದರೆ ಅದು ಅಳಿದುಹೋಯಿತೆಂದು ತಿಳಿಯಕೂಡದು. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ, ಅಕ್ಕಪಕ್ಕದ ವ್ಯವಸ್ಥೆಗಳನ್ನು ಹುಡುಕುವ ಅಂಗವನ್ನು ಸುರಕ್ಷತೆಯ ದೃಷ್ಟಿಯಿಂದ ಮೊದಲೇ ಆರಿಸಿಟ್ಟಿರುತ್ತಾರೆ. ಅದನ್ನು ಹಚ್ಚಿ ಪಟ್ಟಿಯನ್ನು ಹೊಸದಾಗಿ ಬರೆಯಿಸಬೇಕು, ಅಷ್ಟೆ.

ಪೆನ್ ಡ್ರೈವಿನಿಂದ ಲಿನಕ್ಸ್ ಹಾಕುವಾಗ ಎಬ್ಬಿಸುವ ಪಟ್ಟಿಯಲ್ಲಿ ಆ ಪೆನ್ ಡ್ರೈವಿನ ಹೆಸರು ಕೆಲವು ಯಂತ್ರಗಳಲ್ಲಿ ಎರಡು ಸಲ ತೋರುವುದುಂಟು. ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ವಿಂಡೋಸು ಯಾವ ಕ್ರಮದಲ್ಲಿ ಏಳುತ್ತದೆಯೋ ಅದೇ ಕ್ರಮದಲ್ಲಿ ಲಿನಕ್ಸನ್ನೂ ಹಾಕತಕ್ಕದ್ದು. ಒಬ್ಬನಿಗೆ ಹೊಸ ಕ್ರಮ, ಮತ್ತೊಬ್ಬನಿಗೆ ಹಳೆಯ ಕ್ರಮ ಆಯಿತೆಂದರೆ ಗ್ರಬ್ ವಿಂಡೋಸನ್ನು ಎಬ್ಬಿಸಲಾರನು, ಒಮ್ಮೊಮ್ಮೆ ‘ಬೂಟ್ ಆಗುವ ಡಿಸ್ಕ್ ಇಲ್ಲ’ ಎಂಬ ಮಾತೇ ಪರದೆಯ ಮೇಲೆ ಬರುತ್ತದೆ. ಲಿನಕ್ಸ್ ಮಿಂಟಿನ ಪೆನ್ ಡ್ರೈವಿನಲ್ಲಿ ‘ಬೂಟ್ ರಿಪೇರ್’ ಎಂಬ ಉಪಕರಣವೇ ಇದೆ. ಇಂತಹ ಅನೇಕ ತೊಡಕುಗಳನ್ನು ಅದು ತಾನೇ ಬಿಡಿಸುತ್ತದೆ. ಆಯ್ಕೆಯ ಪಟ್ಟಿ ಬಂದು, ಲಿನಕ್ಸನ್ನು ಆರಿಸಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ದೋಷವು ಚಿತ್ರ ತೋರಿಸುವ ಕಾರ್ಡಿನದಾಗಿರಬಹುದು. ಆ ಪಟ್ಟಿಯಲ್ಲಿ ‘ಇ’ ಕೀಲಿಯನ್ನು ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂಬ ಪದವನ್ನು ಆಂಗ್ಲ ಲಿಪಿಯಲ್ಲಿ ಸೇರಿಸಿ ಎಫ್10 ಒತ್ತಿ ನೋಡಬಹುದು.

ತಪ್ಪು ಯಾವಾಗಲೂ ಮನೆಯವರದೇ ಎಂದು ಭಾವಿಸಬೇಕಾಗಿಲ್ಲ. 2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟಿನವರು ಹೊರಡಿಸಿದ ಅಪ್‌ಡೇಟೊಂದು, ‘ಸೆಕ್ಯೂರ್ ಬೂಟ್’ ಎಂಬ ಕಾವಲಿನ ಮೂಲಕ ಹಳೆಯ, ಲೋಪವುಳ್ಳ ಎಬ್ಬಿಸುವವರನ್ನು ತಡೆಯತಕ್ಕದ್ದಾಗಿತ್ತು. ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಅದು ತಗಲದೆಂದು ಅವರು ಹೇಳಿದ್ದರು. ಆದರೆ ಅಂತಹ ಯಂತ್ರಗಳನ್ನೆಲ್ಲ ಗುರುತಿಸಲಾರದೆ, ನೆಟ್ಟಗಿದ್ದ ಎಷ್ಟೋ ಲಿನಕ್ಸುಗಳನ್ನೂ ಬಾಗಿಲಲ್ಲಿಯೇ ತಡೆಯಿತು. ‘ಎಸ್‌ಬ್ಯಾಟ್’ ಪರೀಕ್ಷೆ ವಿಫಲವಾಯಿತು, ಏನೋ ಭಾರಿ ಅನಾಹುತವಾಗಿದೆ ಎಂಬ ಅರ್ಥದ ಆಂಗ್ಲ ವಾಕ್ಯ ಪರದೆಯ ಮೇಲೆ ಬಂದು, ಯಂತ್ರ ತಾನೇ ಆರಿಹೋಗುತ್ತಿತ್ತು. ಆಗ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿನೊಳಗೆ ಹೋಗಿ, ಆ ಹೊಸ ನಿಯಮವನ್ನು ಅಳಿಸಿ, ಮತ್ತೆ ಕಾವಲನ್ನು ಹಚ್ಚಬೇಕಾಯಿತು. ಕಂಪನಿಯವರ ಕಡೆಯಿಂದ ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಿನಲ್ಲಿ.

ಈ ಸೆಕ್ಯೂರ್ ಬೂಟಿನ ಗುಂಡಿಯನ್ನು ಮುಟ್ಟುವ ಮೊದಲು ಒಂದು ಎಚ್ಚರಿಕೆಯನ್ನು ನಾವು ಒತ್ತಿ ಹೇಳಬೇಕಾಗಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಮನೆಯವರಿಗೆ ತಿಳಿಯದಂತೆಯೇ ಬಿಟ್‌ಲಾಕರ್ ಎಂಬ ಬೀಗವು ಡಿಸ್ಕಿಗೆ ಬಿದ್ದಿರುತ್ತದೆ. ಮೂಲತಂತ್ರದಲ್ಲಿ ಬದಲಾವಣೆಯಾದುದನ್ನು ಕಂಡರೆ ಆ ಬೀಗವು ಸಂಶಯಗೊಂಡು 48 ಅಂಕಿಗಳ ಕೈಯನ್ನು ಕೇಳುತ್ತದೆ. ಆ ಅಂಕಿಗಳಿಲ್ಲದಿದ್ದರೆ ಒಳಗಿನದು ಯಾರಿಗೂ ದಕ್ಕದು, ದಾವಣಗೆರೆಯಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ. ಸಾಧಾರಣವಾಗಿ ಆ ಕೈಯು ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರ ನೆಟ್ಟಗಿರುವಾಗಲೇ ಅದನ್ನು ಹುಡುಕಿ, ಕಾಗದದ ಮೇಲೆ ಬರೆದು, ಪಡಿತರ ಚೀಟಿಯನ್ನಿಡುವ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು. ಈ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿರಿ.

ಯಾವ ಉಪಾಯವೂ ಫಲಿಸದೆ, ಕೊನೆಗೆ ಎಲ್ಲವನ್ನೂ ಹೊಸದಾಗಿಯೇ ಹಾಕಬೇಕಾಗಿ ಬಂದರೂ, ಅದಕ್ಕೆ ಮುಂಚೆ ಕಡತಗಳನ್ನು ಹೊರತೆಗೆಯುವ ದಾರಿಯಿದೆ. ಲಿನಕ್ಸಿನ ಪೆನ್ ಡ್ರೈವನ್ನು ಸಿಕ್ಕಿಸಿ, ಯಂತ್ರಕ್ಕೆ ಏನನ್ನೂ ಹಾಕದೆ, ಪೆನ್ ಡ್ರೈವಿನಿಂದಲೇ ಅದನ್ನು ನಡೆಯಿಸಬಹುದು. 8 ಜಿಬಿಯ ಪೆನ್ ಡ್ರೈವು ಸಾಕು. ಪರದೆಯ ಮೇಲೆ ಬಂದುದರಲ್ಲಿ ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದೆ, ‘ಟ್ರೈ’ ಎಂಬುದನ್ನು ಆರಿಸಬೇಕು. ಆಗ ಫೈಲುಗಳ ಕಿಟಕಿಯಲ್ಲಿ ವಿಂಡೋಸಿನ ಪಾಲು ಒಂದು ಡಿಸ್ಕಾಗಿ ಕಾಣುತ್ತದೆ; ಬಿಟ್‌ಲಾಕರ್ ಇದ್ದರೆ ಆ 48 ಅಂಕಿಗಳನ್ನು ಇಲ್ಲಿಯೂ ಕೇಳುವುದು. ‘ಯೂಸರ್ಸ್’ ಎಂಬ ಫೋಲ್ಡರಿನೊಳಗೆ ಮನೆಯವರ ಹೆಸರಿನಲ್ಲಿ ಭಾವಚಿತ್ರಗಳೂ ಲೆಕ್ಕಪತ್ರಗಳೂ ಇರುತ್ತವೆ. ವಿಂಡೋಸು ಪೂರ್ತಿ ಆರದೆ ಅರೆನಿದ್ರೆಯಲ್ಲಿ ನಿಂತಿದ್ದರೆ ಆ ಪಾಲಿನ ಮೇಲೆ ಬರೆಯಲಾಗದೆ ಓದಲು ಮಾತ್ರ ಸಾಧ್ಯವಾಗಬಹುದು. ನಮಗೆ ಬೇಕಾದುದೂ ಅಷ್ಟೆ. ಬೇರೊಂದು ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಂಡು, ಅದರಲ್ಲಿ ಎರಡು ಮೂರು ಕಡತಗಳನ್ನಾದರೂ ತೆರೆದು ನೋಡಿ, ಅನಂತರ ಯಂತ್ರವನ್ನು ರಿಪೇರಿಗೆ ಕೊಡಬಹುದು. ಆದರೆ ಡಿಸ್ಕೇ ಕಟಕಟ ಸದ್ದು ಮಾಡುತ್ತಿದ್ದರೆ ಅದು ಬೇರೆ ವ್ಯಾಧಿ. ಮತ್ತೆ ಮತ್ತೆ ಹಚ್ಚಿ ನೋಡದೆ ಬಲ್ಲವರಲ್ಲಿಗೆ ಒಯ್ಯತಕ್ಕದ್ದು.

ಹೊಸದಾಗಿ ಹಾಕಹೊರಡುವವರಿಗೆ ಎರಡು ಮಾತು. ಎಬ್ಬಿಸುವವನನ್ನು ಡಿಸ್ಕಿನಲ್ಲಿ ಕೂಡಿಸುವ ಕೆಲಸವು ಇಡೀ ವಿಧಿಯ ಕೊನೆಯ ಭಾಗದಲ್ಲಿ ನಡೆಯುತ್ತದೆ; ಅಷ್ಟರಲ್ಲಿ ಕರೆಂಟು ಹೋದರೆ ಅಡಿಗೆಯೆಲ್ಲ ಮುಗಿದು ಒಗ್ಗರಣೆಯ ಹೊತ್ತಿಗೆ ಒಲೆ ಆರಿದಂತಾಗುತ್ತದೆ. ಬೇಸಗೆಯಲ್ಲಿ ನಮ್ಮ ಕಡೆಯ ವಿದ್ಯುತ್ತಿನ ಸ್ವಭಾವವನ್ನು ಬಲ್ಲವರು ಲ್ಯಾಪ್‌ಟಾಪಿನ ಬ್ಯಾಟರಿಯನ್ನು ತುಂಬಿಸಿಕೊಂಡೋ, ಮೇಜಿನ ಯಂತ್ರವಾದರೆ ಯುಪಿಎಸ್ ಇರಿಸಿಕೊಂಡೋ ಕುಳಿತುಕೊಳ್ಳಬೇಕು. ಮತ್ತು ‘ಇಡೀ ಡಿಸ್ಕನ್ನು ಅಳಿಸು’ ಎಂಬ ಅರ್ಥದ ಆಯ್ಕೆಯೂ ‘ವಿಂಡೋಸಿನ ಪಕ್ಕದಲ್ಲಿ ಇರಿಸು’ ಎಂಬ ಅರ್ಥದ ಆಯ್ಕೆಯೂ ಒಂದೇ ಪುಟದಲ್ಲಿ ಹತ್ತಿರ ಹತ್ತಿರವೇ ಇರುತ್ತವೆ. ಅಲ್ಲಿ ಕೈ ತಪ್ಪಿದರೆ ಮೇಲೆ ಹೇಳಿದ ಯಾವ ಉಪಾಯವೂ ಸಾಗದು.

ದಾವಣಗೆರೆಯ ಇನ್ನೊಬ್ಬ ವಾಚಕರು, ಲಿನಕ್ಸಿನಲ್ಲಿ ತಮ್ಮ ಹಳೆಯ ನುಡಿ ಕಡತಗಳು ಅರ್ಥವಿಲ್ಲದ ಅಕ್ಷರಗಳಾಗಿ ತೋರುತ್ತವೆ, ಕೆಟ್ಟುಹೋದವೋ ಎಂದು ಕೇಳಿದ್ದಾರೆ. ಕೆಟ್ಟಿಲ್ಲ. ಅವು ಯೂನಿಕೋಡಿಗೆ ಮುಂಚಿನ ಸಂಕೇತದಲ್ಲಿ ಬರೆದವು. ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದುಕೊಂಡರೆ ಎಲ್ಲ ಯಂತ್ರಗಳಲ್ಲಿಯೂ ಓದಲು ಬರುತ್ತವೆ. ಕನ್ನಡವನ್ನು ಬೆರಳಚ್ಚಿಸಲು ಕೀಲಿಮಣೆಯ ಆಯ್ಕೆಗಳಲ್ಲಿ ಕಗಪ ವಿನ್ಯಾಸವನ್ನು ಸೇರಿಸಿಕೊಳ್ಳಬಹುದು. ಅದು ಲಿನಕ್ಸಿನೊಡನೆಯೇ ಬರುತ್ತದೆ, ಬೇರೆ ತರಬೇಕಾದುದಿಲ್ಲ.