ಮುಟ್ಟಿದ ಕೈ

ಪವಿತ್ರವೆಂಬ ಮಾತನ್ನು ಕೇಳಿದೊಡನೆ ನಮಗೆ ಹೊಳೆಯುವುದು ದೂರ. ಗರ್ಭಗುಡಿಗೊಂದು ಹೊಸ್ತಿಲು, ಮಡಿಯುಟ್ಟ ಅಜ್ಜಿಗೂ ಶಾಲೆಯಿಂದ ಬಂದ ಮೊಮ್ಮಗನಿಗೂ ನಡುವೆ ಎರಡು ಮಾರು ನೆಲ. ಇದು ನಮ್ಮವರ ಭಾವನೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಹೀಬ್ರೂ ಭಾಷೆಯಲ್ಲಿ ಪವಿತ್ರವೆಂಬುದಕ್ಕಿರುವ 'ಕಾದೋಷ್' ಎಂಬ ಶಬ್ದಕ್ಕೂ ಬೇರೆಯಾಗಿ ತೆಗೆದಿರಿಸಿದ್ದು ಎಂಬರ್ಥವನ್ನೇ ಪಂಡಿತರು ಹೇಳುತ್ತಾರೆ. ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡವನ್ನು ತೆರೆದರೆ, 13ನೆಯ ಅಧ್ಯಾಯದಲ್ಲಿ ಕುಷ್ಠರೋಗಿಯು ಪಾಳೆಯದ ಹೊರಗೆ ಒಂಟಿಯಾಗಿ ವಾಸಿಸತಕ್ಕದ್ದೆಂಬ ವಿಧಿಯುಂಟು. ಕೆಲವು ಪುಟಗಳನ್ನು ಮಗುಚಿ 19ನೆಯ ಅಧ್ಯಾಯಕ್ಕೆ ಬನ್ನಿ. ಅದು ಜನರೆಲ್ಲ ಪವಿತ್ರರಾಗಬೇಕೆಂಬ ಆಜ್ಞೆಯಿಂದಲೇ ಆರಂಭವಾಗುತ್ತದೆ. ಆದರೆ ಮುಂದೆ ಬರುವುದು ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡುವ ಮಾತು, ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ಇಟ್ಟುಕೊಳ್ಳಬಾರದೆಂಬ ಮಾತು, ಕಡೆಗೆ ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಮಾತು! ಒಂದೇ ಗ್ರಂಥವು ದೂರವಿರಿಸುವ ಪಾವಿತ್ರ್ಯವನ್ನೂ ಹತ್ತಿರಕ್ಕೆಳೆಯುವ ಪಾವಿತ್ರ್ಯವನ್ನೂ ಬೋಧಿಸುತ್ತದೆ. ಯೇಸುಸ್ವಾಮಿಯು ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದ ಕತೆಯು ಮತ್ತಾಯನ ಸುವಾರ್ತೆಯಲ್ಲಿದೆ. ಮುಟ್ಟಿದುದರಿಂದ ಯಾರಿಗೆ ಯಾರ ಗುಣ ಅಂಟಿತೆಂಬುದನ್ನು ಆ ಕತೆಯೇ ಹೇಳುತ್ತದೆ.

ಈ ಎರಡು ಪಾವಿತ್ರ್ಯಗಳ ತಿಕ್ಕಾಟವು ಒಬ್ಬ ಮನುಷ್ಯನ ಮೈಮೇಲೆಯೇ ನಡೆದ ಪ್ರಸಂಗವೊಂದುಂಟು.

ಹವಾಯಿ ರಾಜ್ಯವು 1865ರಲ್ಲಿ ಕುಷ್ಠರೋಗಿಗಳನ್ನು ಪ್ರತ್ಯೇಕಿಸುವ ಕಾನೂನನ್ನು ಮಾಡಿತು. ಮರುವರ್ಷದಿಂದ ಅವರನ್ನು ಮೊಲೊಕಾಯಿ ದ್ವೀಪದ ಒಂದು ನಾಲಗೆಯಂಥ ಭೂಮಿಗೆ ಸಾಗಿಸತೊಡಗಿದರು. ಮೂರು ಕಡೆ ಕಡಲು, ಹಿಂದೆ ಗೋಡೆಯಂತೆ ನಿಂತ ಬೆಟ್ಟ. 1873ರ ಮೇ 10ರಂದು ಅಲ್ಲಿಗೆ ಬಂದಿಳಿದ ಫಾದರ್ ಡೇಮಿಯನ್ನರಿಗೆ ಆಗ 33 ವರ್ಷ. ಬೆಲ್ಜಿಯಮ್ ದೇಶದ ರೈತನ ಮಗ. ಮನೆಯಿಲ್ಲದ್ದರಿಂದ ಮೊದಲ ಕೆಲವು ರಾತ್ರಿಗಳನ್ನು ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರದ ಕೆಳಗೆ ಕಳೆದರು.

ಅವರಿಗೆ ಅಸಹ್ಯವಾಗಲಿಲ್ಲವೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಗುಡಿಸಲುಗಳೊಳಗಿನ ದುರ್ವಾಸನೆಯನ್ನು ತಡೆದುಕೊಳ್ಳಲು ಹೊಗೆಸೊಪ್ಪಿನ ಕೊಳವೆಯನ್ನು ಹಚ್ಚಿಕೊಳ್ಳಬೇಕಾಯಿತೆಂದು ಅವರೇ ಬರೆದಿದ್ದಾರೆ. ಪ್ರೀತಿ ಒಳಗಿನಿಂದ ಉಕ್ಕುವ ತನಕ ಕಾದು ಕುಳಿತಿದ್ದರೆ ಆ ಹುಣ್ಣುಗಳನ್ನು ತೊಳೆಯುವವರು ಯಾರು? ತೊಳೆದರು, ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ಊರಿಗೆ ನೀರಿನ ಕೊಳವೆ ತರಿಸಿದರು, ಸತ್ತವರಿಗೆ ಪೆಟ್ಟಿಗೆಯನ್ನೂ ತಾವೇ ಬಡಿದು ಮಾಡಿದರು. ಒಮ್ಮೆ ಅವರ ಮೇಲಧಿಕಾರಿಯಾದ ಗುರುಗಳು ಹಡಗಿನಲ್ಲಿ ಬಂದಾಗ ಇಳಿಯಲು ಅನುಮತಿ ದೊರೆಯಲಿಲ್ಲ. ಡೇಮಿಯನ್ನರು ಸಣ್ಣ ದೋಣಿಯಲ್ಲಿ ನಿಂತು, ಹಡಗಿನವರೆಲ್ಲ ಕೇಳುವಂತೆ, ತಮ್ಮ ಪಾಪನಿವೇದನೆಯನ್ನು ಫ್ರೆಂಚಿನಲ್ಲಿ ಕೂಗಿ ಹೇಳಿದರಂತೆ. 1884ರ ಡಿಸೆಂಬರಿನಲ್ಲಿ ಕುದಿನೀರಿಗೆ ಕಾಲಿಟ್ಟಾಗ ಚರ್ಮ ಬೊಬ್ಬೆಯೆದ್ದಿತು. ನೋವು ಮಾತ್ರ ತಿಳಿಯಲಿಲ್ಲ. ರೋಗ ಬಂದಿತ್ತು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಅದೇ ವರ್ಷ ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿ ಡಾಕ್ಟರ್ ಹೈಡ್ ಎಂಬವರು ಮಿತ್ರರೊಬ್ಬರಿಗೆ ಬರೆದ ಪತ್ರವು ಅಚ್ಚಾಯಿತು. ಡೇಮಿಯನ್ ಕೊಳಕು ಮನುಷ್ಯ, ಒರಟ, ಹಟಮಾರಿ, ಶೀಲವೂ ಶುದ್ಧವಲ್ಲ, ರೋಗವು ಸ್ವಯಂಕೃತ ಎಂಬುದು ಅದರ ಸಾರಾಂಶ. ಹೈಡ್ ದುಷ್ಟರೇನಲ್ಲ, ವಿದ್ಯಾವಂತರು, ಸಂಭಾವಿತರು. ಇಂಥ ಪತ್ರಗಳನ್ನು ಬರೆಯುವವರು ಸಾಮಾನ್ಯವಾಗಿ ಸಂಭಾವಿತರೇ.

ಇದಕ್ಕೆ ಉತ್ತರ ಕೊಟ್ಟವರು 'ಟ್ರೆಷರ್ ಐಲೆಂಡ್' ಕಾದಂಬರಿಕಾರ ಸ್ಟೀವನ್‌ಸನ್. ಅವರೂ ಪ್ರೊಟೆಸ್ಟೆಂಟ್ ಮನೆತನದವರೇ. ಡೇಮಿಯನ್ನರು ತೀರಿದ ತಿಂಗಳೊಪ್ಪತ್ತಿನಲ್ಲಿ ಮೊಲೊಕಾಯಿಗೆ ಹೋಗಿ, ಒಂದು ವಾರ ರೋಗಿಗಳ ನಡುವೆ ಇದ್ದು ಬಂದಿದ್ದರು. 1890ರ ಫೆಬ್ರವರಿಯಲ್ಲಿ ಸಿಡ್ನಿಯಿಂದ ಅವರು ಬರೆದ ಬಹಿರಂಗ ಪತ್ರದಲ್ಲಿ ನನಗೆ ಮೆಚ್ಚಿಗೆಯಾದುದು ಅದರ ಕೋಪವಲ್ಲ, ಒಪ್ಪಿಗೆ. ಡೇಮಿಯನ್ನರನ್ನು ಕಂಡರಾಗದವರನ್ನೇ ಹುಡುಕಿ ಮಾತನಾಡಿಸಿದ್ದರು. ಕೊಳಕೇ? ಹೌದು. ಒರಟೇ? ಹೌದು. ಹಟಮಾರಿಯೇ? ಅದೂ ಹೌದು, ಆ ಹಟವಿಲ್ಲದಿದ್ದರೆ ಅಲ್ಲಿನವರಿಗೆ ಆದಷ್ಟು ಅನುಕೂಲವೂ ಆಗುತ್ತಿರಲಿಲ್ಲ. ಶೀಲದ ಆರೋಪವನ್ನು ಮಾತ್ರ ಸ್ಟೀವನ್‌ಸನ್ ನಿಂತ ನಿಲುವಿನಲ್ಲೇ ತಳ್ಳಿಹಾಕಿದರು. ಆ ಕೊಳಕು ಎಲ್ಲಿಯದೆಂಬ ಪ್ರಶ್ನೆಯನ್ನು ಹೈಡರು ಬೆರೆಟಾನಿಯ ಬೀದಿಯ ತಮ್ಮ ಚೊಕ್ಕಟವಾದ ಮನೆಯಲ್ಲಿ ಕುಳಿತು ಕೇಳಿಕೊಳ್ಳಲಿಲ್ಲವೆಂಬುದೇ ಸ್ಟೀವನ್‌ಸನ್ನರ ಆಕ್ಷೇಪಣೆ.

ಹಾಗೆಂದು ಶುಚಿಯನ್ನು ಹಳಿಯಲು ಹೊರಟರೆ ಮದರ್ ಮೇರಿಯಾನ್ ಕೋಪ್ ನಮ್ಮನ್ನು ತಡೆಯುತ್ತಾರೆ. 1888ರಲ್ಲಿ ಮೊಲೊಕಾಯಿಗೆ ಬಂದ ಈ ಸಂನ್ಯಾಸಿನಿಯು ಕೈತೊಳೆಯುವ ನಿಯಮದಲ್ಲಿ ಬಲು ಕಟ್ಟುನಿಟ್ಟು. ರೋಗಿಗಳ ಹುಡುಗಿಯರಿಗೆ ಒಳ್ಳೆಯ ಬಟ್ಟೆ, ತೋಟದಲ್ಲಿ ಹೂವು, ಎಲ್ಲವೂ ಬೇಕೆನ್ನುತ್ತಿದ್ದರು. ಅವರೊಡನೆ ದುಡಿದ ಸೋದರಿಯರಲ್ಲಿ ಒಬ್ಬರಿಗೂ ಆ ರೋಗ ತಗುಲಲಿಲ್ಲ. ಬಹುಪಾಲು ಜನರ ದೇಹವು ಕುಷ್ಠವನ್ನು ಸಹಜವಾಗಿಯೇ ತಡೆಯಬಲ್ಲುದೆಂದೂ ಔಷಧದಿಂದ ಅದು ಪೂರ್ತಿ ಗುಣವಾಗುವುದೆಂದೂ ಈಗ ನಾವು ಬಲ್ಲೆವು. ಆಗ ಅವರಿಬ್ಬರಿಗೂ ಇದು ತಿಳಿದಿರಲಿಲ್ಲ. ಒಬ್ಬರು ಕೈ ತೊಳೆದುಕೊಂಡು ಮುಟ್ಟಿದರು, ಇನ್ನೊಬ್ಬರು ತೊಳೆಯುವುದನ್ನು ಮರೆತು ಮುಟ್ಟಿದರು. ರೋಮಿನ ಸಭೆಯು ಡೇಮಿಯನ್ನರಿಗೆ 2009ರಲ್ಲಿ, ಮೇರಿಯಾನರಿಗೆ 2012ರಲ್ಲಿ ಸಂತ ಪದವಿಯನ್ನು ಕೊಟ್ಟಿತು.

ಡೇಮಿಯನ್ನರನ್ನು ಮೊದಲು ಹೂಳಿದ್ದು ಅವರು ಬಂದ ಹೊಸತರಲ್ಲಿ ಮಲಗಿದ ಆ ಮರದ ಬುಡದಲ್ಲಿಯೇ. 1936ರಲ್ಲಿ ಅಸ್ಥಿಗಳನ್ನು ಸಕಲ ಗೌರವದೊಡನೆ ಬೆಲ್ಜಿಯಮ್ಮಿನ ಲೂವೇನ್ ನಗರಕ್ಕೆ ಒಯ್ದರು. 1995ರಲ್ಲಿ ಅವುಗಳಲ್ಲೊಂದು ಭಾಗವನ್ನು ಹವಾಯಿಗೆ ಹಿಂದಿರುಗಿಸಿ, ಹಳೆಯ ಸಮಾಧಿಯಲ್ಲಿ ಮತ್ತೆ ಹೂಳಿದರು. ಅದು ಅವರ ಬಲಗೈ.