ಹಿಂಡಲಗಾದ ಗಲ್ಲುಗಂಬ ಮತ್ತು ನಮ್ಮ ಪ್ರಾರ್ಥನೆ

ಪರದೇಶದಲ್ಲಿ ಕ್ರೈಸ್ತರೊಬ್ಬರಿಗೆ ಮರಣದಂಡನೆಯಾದ ವಾರ್ತೆ ಬಂದಾಗ ನಮ್ಮ ದೇವಾಲಯಗಳಲ್ಲಿ ಪ್ರಾರ್ಥನೆ ಸಲ್ಲುತ್ತದೆ. ಅದು ಯೋಗ್ಯವೇ. 2009ರಲ್ಲಿ ಪಾಕಿಸ್ತಾನದ ಹೊಲವೊಂದರಲ್ಲಿ ಕುಡಿಯುವ ನೀರಿಗಾಗಿ ಎದ್ದ ಜಗಳವು ಆಸಿಯಾ ಬೀಬಿ ಎಂಬ ಕಥೋಲಿಕ ಕೂಲಿ ಹೆಂಗಸನ್ನು ಗಲ್ಲಿನ ಹೊಸ್ತಿಲಿಗೆ ತಂದಿತು. 2010ರ ನವೆಂಬರಿನಲ್ಲಿ ಧರ್ಮನಿಂದೆಗಾಗಿ ಆಕೆಗೆ ಶಿಕ್ಷೆಯಾಯಿತು. ಜಗದ್ಗುರು ಹದಿನಾರನೇ ಬೆನೆಡಿಕ್ಟರು ಆಕೆಯ ಬಿಡುಗಡೆಗೆ ಬಹಿರಂಗ ಮನವಿ ಮಾಡಿದರು. ಯೂರೋಪಿನ ರಾಷ್ಟ್ರಗಳೂ ಒತ್ತಡ ತಂದವು. ಆಕೆಯ ಪರ ನುಡಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ 2011ರಲ್ಲಿ ಹತರಾದರು. ಅವರು ಮುಸಲ್ಮಾನರಾಗಿದ್ದರೆಂಬುದನ್ನು ನಮ್ಮವರು ಮರೆಯಬಾರದು. 2018ರ ಅಕ್ಟೋಬರ್ 31ರಂದು ಅಲ್ಲಿಯ ಸುಪ್ರೀಂ ಕೋರ್ಟು ಆಕೆಯನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಇನ್ನು ನಮ್ಮ ಅಂಗಳದ ಮಾತು. ಮೇಲವಂಕಿಯಿಂದ ಬೆಳಗಾವಿ ಅರ್ಧ ದಿನದ ಪ್ರಯಾಣವೂ ಅಲ್ಲ. ಅಲ್ಲಿಯ ಹಿಂಡಲಗಾ ಕಾರಾಗೃಹದಲ್ಲಿ ಗಲ್ಲುಗಂಬವಿದೆ. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ಪ್ರಕರಣದಲ್ಲಿ ನಾಲ್ವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2004ರಲ್ಲಿ ಮರಣದಂಡನೆಗೆ ಏರಿಸಿತು. ಒಂಬತ್ತು ವರುಷ ಅವರ ದಯಾಭಿಕ್ಷೆಯ ಅರ್ಜಿ ಕಡತದಲ್ಲಿ ಬಿದ್ದಿತ್ತು. 2013ರ ಫೆಬ್ರವರಿಯಲ್ಲಿ ಅದು ತಿರಸ್ಕೃತವಾದಾಗ ಅವರು ಹಿಂಡಲಗಾದಲ್ಲಿಯೇ ಇದ್ದರು. ಅವರಲ್ಲಿ ಕ್ರೈಸ್ತ ಹೆಸರಿನವರೂ ಇದ್ದರು. ಅವರಿಗಾಗಿ ಬಲಿಪೂಜೆಯಲ್ಲಿ ಒಂದು ಮಾತನ್ನಾದರೂ ಪ್ರಾರ್ಥಿಸಿದ ನೆನಪು ನಮಗಿಲ್ಲ. 2014ರ ಜನವರಿ 21ರಂದು, ವಿಳಂಬವೇ ಅನ್ಯಾಯವೆಂದು ಅದೇ ನ್ಯಾಯಾಲಯ ಅವರ ಕುಣಿಕೆಯನ್ನು ಸಡಿಲಿಸಿತು.

"ಆಸಿಯಾ ನಿರಪರಾಧಿ, ಇವರು ಕೊಲೆಗೆ ಹೊಣೆಯಾದವರು" ಎಂಬ ಆಕ್ಷೇಪ ಬರುವುದು ಸಹಜ. ಭೇದ ನಿಜವಾದದ್ದೇ, ನ್ಯಾಯಾಧೀಶನು ಅದನ್ನು ಎಣಿಸಲೇಬೇಕು. ಆದರೆ ಜೀವಿಸುವ ಹಕ್ಕು ಸದ್ಗುಣಕ್ಕೆ ದೊರೆಯುವ ಬಹುಮಾನವಲ್ಲ. ಘೋರ ಅಪರಾಧದ ಬಳಿಕವೂ ಮನುಷ್ಯನ ಘನತೆ ಅಳಿಯದು ಎಂದು ಧರ್ಮಸಭೆ 2018ರಲ್ಲಿ ತನ್ನ ಧರ್ಮೋಪದೇಶವನ್ನೇ ತಿದ್ದಿತು. ನಮ್ಮವಳೆಂಬ ಕಾರಣಕ್ಕೆ ಮಾತ್ರ ಆಸಿಯಾಗಾಗಿ ಮೊಣಕಾಲೂರಿದ್ದರೆ ಅದು ಜಾತ್ಯಭಿಮಾನವೇ ಹೊರತು ವಿಶ್ವಾಸವಲ್ಲ.

ರಾಜತಂತ್ರದ ಮಾತೂ ಇದೆ. ಮರಣದಂಡನೆಗೆ ತಡೆ ಕೋರುವ ವಿಶ್ವಸಂಸ್ಥೆಯ ಠರಾವಿನ ವಿರುದ್ಧ ಭಾರತ 2007ರಲ್ಲಿ ಮತ ಹಾಕಿತು. ಕಾನೂನು ರೂಪಿಸುವುದು ಸಾರ್ವಭೌಮ ರಾಷ್ಟ್ರದ ಹಕ್ಕೆಂಬುದು ನಮ್ಮ ಸರಕಾರದ ವಾದ. ಪರದೇಶವೊಂದು ನಮಗೆ ಅದೇ ಉತ್ತರ ಕೊಟ್ಟರೆ ಯಾವ ಮುಖದಿಂದ ಬೇಡೋಣ?

ಬರುವ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಮ್ಮ ನಾಡಿನ ಮರಣದಂಡಿತರನ್ನು ಸೇರಿಸಿಕೊಳ್ಳೋಣ. ಪಾಲಾರಿನ ಆ 22 ಮನೆಗಳನ್ನೂ ಅದೇ ಉಸಿರಿನಲ್ಲಿ ಹೆಸರಿಸೋಣ.